ಎಣಿಸಿದವರು ಯಾರು, ನೋಡಿದವರು ಯಾರು?

ಮಾನ್ಯರೇ,

ಪಕ್ಷಗಳ ಒಳಗೆ ಚುನಾವಣೆ ನಡೆಯಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದನ್ನು ಓದಿ ನೀವು ಕಳಿಸಿದ ನಾಲ್ಕು ಪುಟಗಳ ಪತ್ರ ತಲುಪಿತು. ಪ್ರೌಢಶಾಲೆಯ ಮೇಷ್ಟ್ರಾಗಿದ್ದು, ಏಳು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ದುಡಿದವರು ನೀವು. ನಿಮ್ಮ ವಾದದ ತಿರುಳು ಇಷ್ಟು: ಅಮೆರಿಕದಂಥ ದೇಶದಲ್ಲಿಯೇ 2020ರಲ್ಲಿ ಅಯೋವಾ ರಾಜ್ಯದ ಡೆಮಾಕ್ರಟಿಕ್ ಪಕ್ಷಕ್ಕೆ ತನ್ನ ಮತಗಳನ್ನು ನೆಟ್ಟಗೆ ಎಣಿಸಲು ಆಗಲಿಲ್ಲ. ಹಾಗಿರುವಾಗ ನಮ್ಮ ಪಕ್ಷಗಳಿಗೆ ಈ ಉಸಾಬರಿ ಏಕೆ? ಹೈಕಮಾಂಡ್ ಬಿ ಫಾರಂ ಕೊಡುವುದೇ ವಾಸಿಯಲ್ಲವೇ?

ಅಲ್ಲ ಎಂಬುದು ನನ್ನ ಉತ್ತರ. ಕಾರಣವನ್ನು ನೀವು ಎತ್ತಿದ ಅಯೋವಾದಿಂದಲೇ ಹೇಳುತ್ತೇನೆ.

ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಮತ ಹಾಕಿ ಆರಿಸುವುದಕ್ಕೆ ಪ್ರೈಮರಿ ಎನ್ನುತ್ತಾರೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅದನ್ನು ನಡೆಸುವುದು ಸರ್ಕಾರದ ಚುನಾವಣಾ ಅಧಿಕಾರಿಗಳು. ಅಯೋವಾದಲ್ಲಿ ಅದೇ ಆಯ್ಕೆಗೆ ನಡೆಯುತ್ತಿದ್ದುದು ಕಾಕಸ್, ಅಂದರೆ ಪಕ್ಷದವರ ಸ್ಥಳೀಯ ಸಭೆ. ಅದನ್ನು ನಡೆಸುವುದೂ ಎಣಿಸುವುದೂ ಫಲಿತಾಂಶ ಹೇಳುವುದೂ ಪಕ್ಷವೇ. ಡೆಮಾಕ್ರಟಿಕ್ ಪಕ್ಷದವರು ಶಾಲೆಯ ವ್ಯಾಯಾಮಶಾಲೆಯಲ್ಲೋ ಚರ್ಚಿನ ಸಭಾಂಗಣದಲ್ಲೋ ಸೇರಿ, ತಮ್ಮ ಅಭ್ಯರ್ಥಿಗೆ ಮೀಸಲಾದ ಮೂಲೆಯಲ್ಲಿ ನಿಲ್ಲುತ್ತಿದ್ದರು. ತಲೆ ಎಣಿಕೆಯಲ್ಲಿ ಸಾಮಾನ್ಯವಾಗಿ ಶೇ 15ರಷ್ಟು ಜನ ಸಿಗದ ಗುಂಪಿನವರು ಬೇರೆ ಗುಂಪಿಗೆ ಹೋಗಬಹುದಿತ್ತು. ಕೊನೆಗೆ ಉಳಿದ ಗುಂಪುಗಳ ನಡುವೆ, ಪಕ್ಷದ ಮುಂದಿನ ಹಂತದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳ ಹಂಚಿಕೆ.

ಈ ಹಂಚಿಕೆಯ ಗಣಿತವನ್ನು ಒಂದು ಉದಾಹರಣೆಯಲ್ಲಿ ನೋಡಿ. 100 ಜನ ಸೇರಿದ್ದಾರೆ, ಆರಿಸಬೇಕಾದ ಪ್ರತಿನಿಧಿಗಳು ಐವರು, ಗುಂಪುಗಳು 50, 30, 20 ಎಂದುಕೊಳ್ಳೋಣ. ಪಾಲು ಎರಡೂವರೆ, ಒಂದೂವರೆ, ಒಂದು. ಅರ್ಧಗಳನ್ನು ಪೂರ್ಣಕ್ಕೆ ಏರಿಸಿದರೆ 3, 2, 1, ಒಟ್ಟು ಆರಾಯಿತು. ಒಬ್ಬರನ್ನು ಕಳೆಯಬೇಕು, ಯಾರ ಗುಂಪಿನಿಂದ? ಇಂಥ ಸಮಬಲ ಬಂದಾಗ ನಾಣ್ಯ ಚಿಮ್ಮುತ್ತಿದ್ದರು. ರಾತ್ರಿ ಒಂಬತ್ತು ಗಂಟೆಗೆ, ಮನೆಗೆ ಹೋಗಲು ಕಾಯುತ್ತಿರುವ ಜನರ ಎದುರು, ಸಂಬಳವಿಲ್ಲದ ಸ್ವಯಂಸೇವಕರು ಈ ಲೆಕ್ಕ ಮಾಡಬೇಕು. ತಪ್ಪುಗಳು ಆಗದೇ ಇರುತ್ತವೆಯೇ?

2016ರಲ್ಲಿ ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ನಡುವಿನ ಅಂತರ ಶೇಕಡಾ ಕಾಲರಷ್ಟೇ ಇತ್ತು. ಆಗ ಪಕ್ಷ ಪ್ರಕಟಿಸಿದ್ದು ಪ್ರತಿನಿಧಿಗಳ ಲೆಕ್ಕವನ್ನು ಮಾತ್ರ. ಯಾವ ಮೂಲೆಯಲ್ಲಿ ಎಷ್ಟು ಜನ ನಿಂತಿದ್ದರು ಎಂಬ ಮೂಲ ಸಂಖ್ಯೆ ಹೊರಗೆ ಬರಲಿಲ್ಲ. ಲೆಕ್ಕ ತಪ್ಪಿದ್ದರೂ ಹಿಡಿಯುವ ದಾರಿ ಯಾರಿಗೂ ಇರಲಿಲ್ಲ. ಸ್ಯಾಂಡರ್ಸ್ ಕಡೆಯವರು ಪಟ್ಟು ಹಿಡಿದ ಮೇಲೆ 2020ಕ್ಕೆ ನಿಯಮ ಬದಲಾಯಿತು. ಪ್ರತಿಯೊಬ್ಬರೂ ತಮ್ಮ ಆಯ್ಕೆಯನ್ನು ಕಾಗದದ ಚೀಟಿಯಲ್ಲಿ ಬರೆದುಕೊಡಬೇಕು. ಮೊದಲ ಸುತ್ತಿನ ತಲೆ ಎಣಿಕೆ, ಕೊನೆಯ ಸುತ್ತಿನ ಎಣಿಕೆ, ಪ್ರತಿನಿಧಿಗಳ ಲೆಕ್ಕ ಮೂರನ್ನೂ ಪ್ರಕಟಿಸಬೇಕು.

ಫೆಬ್ರುವರಿ 3ರ ರಾತ್ರಿ ಆದದ್ದನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಫಲಿತಾಂಶ ಕಳಿಸಲು ಕೊಟ್ಟಿದ್ದ ಮೊಬೈಲ್ ಆ್ಯಪ್ ಕೈಕೊಟ್ಟಿತು. ಎಲ್ಲರೂ ಸಹಾಯವಾಣಿಗೆ ಮುಗಿಬಿದ್ದರು. ಸ್ಟೋರಿ ಕೌಂಟಿಯ ಒಂದು ಮತಕೇಂದ್ರದ ಕಾರ್ಯದರ್ಶಿ ಗಂಟೆಗೂ ಹೆಚ್ಚು ಹೊತ್ತು ಒಂದು ಫೋನನ್ನು ಕಿವಿಗಿಟ್ಟುಕೊಂಡು, ಇನ್ನೊಂದರಲ್ಲಿ ಸಿಎನ್‌ಎನ್ ಜೊತೆ ನೇರ ಪ್ರಸಾರದಲ್ಲಿ ಮಾತನಾಡುತ್ತಿದ್ದರು. ಆ ಹೊತ್ತಿಗೇ ಸಹಾಯವಾಣಿಯವರು ಉತ್ತರಿಸಿದರು. ಇವರು ಅತ್ತ ತಿರುಗುವಷ್ಟರಲ್ಲಿ ಕರೆ ಕಡಿದುಹೋಯಿತು. ಆ ಮನುಷ್ಯನ ಕೈಯಲ್ಲಿದ್ದ ಲೆಕ್ಕದ ಹಾಳೆಗೆ ಏನೂ ಆಗಿರಲಿಲ್ಲ ಎಂಬುದನ್ನು ಗಮನಿಸಿ. ಕೆಟ್ಟದ್ದು ಹಾಳೆಯನ್ನು ಕಚೇರಿಗೆ ಮುಟ್ಟಿಸುವ ದಾರಿ.

ನನಗೆ ಮುಖ್ಯವಾಗಿ ಕಾಣುವುದು ಮುಂದಿನ ದಿನಗಳಲ್ಲಿ ನಡೆದದ್ದು. ಮತಕೇಂದ್ರವಾರು ಅಂಕಿಗಳು ಹೊರಬಿದ್ದ ಕೂಡಲೇ ಪತ್ರಕರ್ತರು ಕೂಡಿ ಕಳೆದು ನೋಡಿದರು. ನೂರಕ್ಕೂ ಹೆಚ್ಚು ಮತಕೇಂದ್ರಗಳಲ್ಲಿ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆಗ ಪಕ್ಷದ ವಕೀಲರು ಹೇಳಿದ್ದೇನು ಗೊತ್ತೇ? ಸಹಿ ಬಿದ್ದ ಹಾಳೆ ಕಾನೂನಿನ ದಾಖಲೆ, ಅದರಲ್ಲಿನ ಗಣಿತ ತಪ್ಪಿದ್ದರೂ ನಾವು ತಿದ್ದುವಂತಿಲ್ಲ! ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ನಿಧಾನವಾಗಿ ಯೋಚಿಸಿದರೆ ವಕೀಲರ ಅಂಜಿಕೆಯೂ ಅರ್ಥವಾಗುತ್ತದೆ. ಕಚೇರಿಯಲ್ಲಿ ಕುಳಿತವರು ಒಂದು ಹಾಳೆಯನ್ನು ತಿದ್ದಬಹುದಾದರೆ ಯಾವ ಹಾಳೆಯನ್ನಾದರೂ ತಿದ್ದಬಹುದು. ಸರಿಯಾದ ದಾರಿ ಚೀಟಿಗಳನ್ನು ಎಲ್ಲರ ಎದುರು ಮರುಎಣಿಕೆ ಮಾಡುವುದು. ಅದು ಅಭ್ಯರ್ಥಿಗಳು ಕೇಳಿದ ಕೆಲವೇ ಮತಕೇಂದ್ರಗಳಲ್ಲಿ ನಡೆಯಿತು. ಎಲ್ಲ ಮುಗಿದಾಗ ಪ್ರತಿನಿಧಿಗಳ ಲೆಕ್ಕದಲ್ಲಿ ಸ್ಯಾಂಡರ್ಸ್ ಅವರ ಎದುರಾಳಿ ಪೀಟ್ ಬುಟಿಜೆಜ್ ಶೇ 0.04ರಷ್ಟು ಮುಂದಿದ್ದರು, ತಲೆ ಎಣಿಕೆಯ ಎರಡೂ ಸುತ್ತುಗಳಲ್ಲಿ ಸ್ಯಾಂಡರ್ಸ್ ಮುಂದಿದ್ದರು. ಗೆದ್ದವರು ಇಂಥವರು ಎಂದು ಘೋಷಿಸಲು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಒಪ್ಪಲಿಲ್ಲ. ಪಕ್ಷದ ರಾಜ್ಯ ಘಟಕದ ಅಧ್ಯಕ್ಷ ಟ್ರಾಯ್ ಪ್ರೈಸ್ ರಾಜೀನಾಮೆ ಕೊಟ್ಟರು.

ನೀವು ಇದನ್ನು ಚುನಾವಣೆಯ ಸೋಲು ಎನ್ನುತ್ತೀರಿ. ಲೆಕ್ಕದ ತಪ್ಪುಗಳು ಅಲ್ಲಿ ಮೊದಲಿನಿಂದಲೂ ಇದ್ದಿರಬೇಕು, 2020ರಲ್ಲಿ ಬಾಗಿಲು ತೆರೆದದ್ದರಿಂದ ಕಣ್ಣಿಗೆ ಬಿದ್ದವು ಎಂದು ನಾನು ನಂಬುತ್ತೇನೆ.

ಅದೇ ಅಯೋವಾದಲ್ಲಿ 2012ರ ಜನವರಿ 3ರಂದು ರಿಪಬ್ಲಿಕನ್ನರ ಕಾಕಸ್ ನಡೆಯಿತು. ಮಿಟ್ ರಾಮ್ನಿ 8 ಮತಗಳಿಂದ ಮುಂದೆ ಎಂದು ಘೋಷಣೆಯಾಯಿತು. ಮೌಲ್ಟನ್ ಎಂಬ ಸಣ್ಣ ಊರಿನಲ್ಲಿ ಎಣಿಕೆಗೆ ಕೈಜೋಡಿಸಿದ್ದ ಒಬ್ಬರು ತಮ್ಮೂರಿನ ಲೆಕ್ಕವನ್ನು ಒಂದು ಕಾಗದದಲ್ಲಿ ಗೀಚಿಕೊಂಡಿದ್ದರು. ಅದರಲ್ಲಿ ರಾಮ್ನಿಗೆ 2 ಮತ. ಪಕ್ಷ ಪ್ರಕಟಿಸಿದ ಪಟ್ಟಿಯಲ್ಲಿ 22. ಅವರು ಅದನ್ನು ಬಹಿರಂಗವಾಗಿ ಹೇಳಿದರು. ಹದಿನಾರು ದಿನಗಳ ನಂತರ ಬಂದ ಅಧಿಕೃತ ಲೆಕ್ಕದಲ್ಲಿ ರಾಮ್ನಿಯ ಎದುರಾಳಿ ರಿಕ್ ಸ್ಯಾಂಟೋರಮ್ 34 ಮತಗಳಿಂದ ಮುಂದಿದ್ದರು. ಎಂಟು ಮತಕೇಂದ್ರಗಳ ಹಾಳೆಗಳು ಸಿಗಲೇ ಇಲ್ಲ. ಅಷ್ಟರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರೈಮರಿಯೂ ಮುಗಿದು, ರಾಮ್ನಿ ಎರಡೂ ಕಡೆ ಗೆದ್ದವರೆಂಬ ಮಾತು ದೇಶವೆಲ್ಲ ಹಬ್ಬಿತ್ತು. ಆ ಹದಿನಾರು ದಿನಗಳನ್ನು ಸ್ಯಾಂಟೋರಮ್‌ಗೆ ಯಾರು ತಿರುಗಿ ಕೊಡುತ್ತಾರೆ?

ಇನ್ನು ನಮ್ಮ ಕಡೆಗೆ ಬರೋಣ. 2014ರ ಲೋಕಸಭೆಗೆ ಕಾಂಗ್ರೆಸ್ ಕೆಲವು ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿತು. ಅದರಲ್ಲಿ ನಮ್ಮ ದಕ್ಷಿಣ ಕನ್ನಡವೂ ಬೆಂಗಳೂರು ಉತ್ತರವೂ ಇದ್ದವು. ಆಯ್ಕೆಯಾದ ಜನಾರ್ದನ ಪೂಜಾರಿ ಮತ್ತು ಸಿ. ನಾರಾಯಣಸ್ವಾಮಿ ಇಬ್ಬರೂ ಲೋಕಸಭಾ ಚುನಾವಣೆಯಲ್ಲಿ ಸೋತರು. ಪ್ರಯೋಗವೂ ಅಲ್ಲಿಗೆ ನಿಂತಿತು. ಸೋತರೆಂಬ ಕಾರಣಕ್ಕೆ ಅದನ್ನು ಕೈಬಿಟ್ಟದ್ದು ನನಗೆ ಇಂದಿಗೂ ಬೇಸರ ತರುತ್ತದೆ.

2022ರ ಅಕ್ಟೋಬರ್‌ನಲ್ಲಿ ನಡೆದ ಕಾಂಗ್ರೆಸ್ ಅಧ್ಯಕ್ಷರ ಚುನಾವಣೆ ಪ್ರೈಮರಿಯಲ್ಲದಿದ್ದರೂ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಆ ದಿನ ರಾಹುಲ್ ಗಾಂಧಿ ಮತ ಹಾಕಿದ್ದು ಬಳ್ಳಾರಿಯ ಸಂಗನಕಲ್ಲಿನ ಪಾದಯಾತ್ರೆಯ ಶಿಬಿರದಲ್ಲಿ. ನಮ್ಮ ಮಲ್ಲಿಕಾರ್ಜುನ ಖರ್ಗೆಯವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072, ಅಸಿಂಧು 416. ಮತದಾರರ ಪಟ್ಟಿಯನ್ನು ಬಹಿರಂಗಪಡಿಸಿ ಎಂದು ತರೂರ್, ಮನೀಶ್ ತಿವಾರಿ ಮೊದಲಾದ ಸಂಸದರು ಮೊದಲೇ ಪತ್ರ ಬರೆದಿದ್ದರು. ಎಣಿಕೆಯ ದಿನ ತರೂರ್ ಕಡೆಯವರು ಉತ್ತರ ಪ್ರದೇಶದ ಮತಪೆಟ್ಟಿಗೆಗಳ ಸೀಲು ಸರಿಯಿಲ್ಲ ಎಂದು ದೂರಿದರು. ಅಂತರ ಇಷ್ಟು ದೊಡ್ಡದಿದ್ದುದರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ, ತರೂರ್ ಸೋಲನ್ನು ಒಪ್ಪಿ ಅಭಿನಂದಿಸಿದರು. ಆದರೆ ಅಂತರ ಮೂವತ್ತೋ ನಲವತ್ತೋ ಇದ್ದಿದ್ದರೆ? ಎಲ್ಲ ರಾಜ್ಯಗಳ ಮತಪತ್ರಗಳನ್ನು ಬೆರೆಸಿಯೇ ಎಣಿಸಿದ್ದರು. ಯಾರು ಯಾರಿಗೆ ಹಾಕಿದರು ಎಂಬುದು ಗೊತ್ತಾಗಿ ಹಗೆ ಹುಟ್ಟಬಾರದೆಂಬ ಉದ್ದೇಶ ಒಳ್ಳೆಯದೇ. ಹಾಗೆ ಬೆರೆಸಿದ ಮೇಲೆ ಒಂದು ರಾಜ್ಯದ ದೂರನ್ನು ಬಿಡಿಸಿ ನೋಡುವುದು ಹೇಗೆ ಎಂಬುದಕ್ಕೆ ಉತ್ತರವಿಲ್ಲ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ನೀವೇ ಒಂದು ಪ್ರಸಂಗ ಬರೆದಿದ್ದೀರಿ. ಮತದಾನ ಮುಗಿದ ಸಂಜೆ, ಗುಡುಗು ಮಳೆಗೆ ಕರೆಂಟು ಹೋಗಿ, ಮೇಣದಬತ್ತಿಯ ಬೆಳಕಿನಲ್ಲಿ ನೀವು ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕದ ನಮೂನೆ 17ಸಿ ತುಂಬಿ ಸಹಿ ಮಾಡಿದಿರಿ. ಒಬ್ಬ ಹುಡುಗ ಏಜೆಂಟ್ ಪ್ರತಿಯನ್ನು ಓದಿ, ಒಟ್ಟು ಮತಗಳನ್ನು ಅಕ್ಷರದಲ್ಲಿಯೂ ಬರೆಯಿರಿ ಸಾರ್ ಎಂದು ಹಟ ಹಿಡಿದ. ಬಸ್ಸು ಹೊರಡುವ ಹೊತ್ತು, ನಿಮಗೆ ರೇಗಿತು. ಆದರೂ ಬರೆದುಕೊಟ್ಟಿರಿ. ಆ ಹುಡುಗ ಮೌಲ್ಟನ್‌ನ ಆ ವ್ಯಕ್ತಿಗೆ ಎಷ್ಟು ಹತ್ತಿರದವನು ಎಂದು ನನಗೆ ಪತ್ರ ಓದುವಾಗಲೇ ಅನ್ನಿಸಿತು. ಪಕ್ಷದೊಳಗಿನ ಚುನಾವಣೆಯಲ್ಲಿ ಅಂಥ ಹುಡುಗನ ಕೈಗೆ ಸಹಿ ಇರುವ ಒಂದು ಪ್ರತಿ ಸಿಗಲಿ ಎಂದಷ್ಟೇ ನಾನು ಕೇಳುತ್ತಿರುವುದು. ಚುನಾವಣಾ ಆಯೋಗ ಪಕ್ಷಗಳನ್ನು ನೋಂದಾಯಿಸಿಕೊಳ್ಳುತ್ತದೆ, ಅವುಗಳ ಒಳಗಿನ ಮತಗಳನ್ನು ಎಣಿಸಲು ಬರುವುದಿಲ್ಲ. ಹಾಗಾಗಿ ಪ್ರತಿ ಕೊಡಬೇಕಾದವರು ಪಕ್ಷದವರೇ, ಕೇಳಬೇಕಾದವರು ಕಾರ್ಯಕರ್ತರೇ.

ಆ ಸಂಜೆಯ ಪ್ರಸಂಗವನ್ನು ಬೇರೆ ಲೇಖನವಾಗಿ ಬರೆದು ಕಳಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.

ಸಂಪಾದಕ