ಫುಟ್‌ಬಾಲ್ ನಿಧಾನವಾಗಿ ಕಲಿಯಿರಿ, ಅಲನ್ ಪೇಜ್ ಯಾರೆಂದು ಮೊದಲು ತಿಳಿಯಿರಿ

ಮಿನಿಯಾಪೊಲಿಸ್‌ಗೆ ಹೊಸದಾಗಿ ಬಂದಿದ್ದೀರಿ. ಸೋಮವಾರ ಬಂದರೆ ಆಫೀಸಿನಲ್ಲಿ ಬರೀ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ವೈಕಿಂಗ್ಸ್‌ನ ಮಾತು, ಈ ಆಟ ಕಲಿಯದೆ ಇಲ್ಲಿ ಬೆರೆಯೋಕಾಗುತ್ತಾ ಅಂತ ಕೇಳಿದ್ದೀರಿ. ಮಗಳನ್ನು ಸೇರಿಸಲಿರುವ ಶಾಲೆಗೆ ಜಸ್ಟಿಸ್ ಪೇಜ್ ಅಂತ ಹೆಸರು ಯಾಕೆ ಅಂತಲೂ ಕೇಳಿದ್ದೀರಿ. ವೈಕಿಂಗ್ಸ್‌ಗೆ ಆಡಿ ಆಮೇಲೆ ನ್ಯಾಯಮೂರ್ತಿಯಾದ ಅಲನ್ ಪೇಜ್ ಅವರ ಹೆಸರೇ ಆ ಶಾಲೆಗಿರುವುದು, ಹಾಗಾಗಿ ಎರಡಕ್ಕೂ ಒಟ್ಟಿಗೇ ಹೇಳುತ್ತೇನೆ.

ಚೆಂಡು ಹಿಡಿದ ತಂಡ ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಸಾಗಬೇಕು, ಆಟದ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು. ಎದುರಾಳಿಗಳ ಸಾಲು ಭೇದಿಸಿ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು ಅಲನ್ ಪೇಜ್ ಅವರ ಕೆಲಸವಾಗಿತ್ತು. ಡಿಫೆನ್ಸ್‌ನಲ್ಲಿ, ಅಂದರೆ ಎದುರಾಳಿಯನ್ನು ತಡೆಯುವ ಕಡೆ ಆಡುವವನಿಗೆ ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಮೊದಲ ಸಲ ಬಂದದ್ದು 1971ರಲ್ಲಿ, ಅವರಿಗೇ. ವೈಕಿಂಗ್ಸ್ ಪರ ನಾಲ್ಕು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಆಡಿದರು, ನಾಲ್ಕೂ ಸೋತರು. ಇಲ್ಲಿನ ಹಳಬರಿಗೆ ಆ ನೋವು ಇನ್ನೂ ಇದೆ. ನೀವು ಈಗಾಗಲೇ ಸುತ್ತಿ ಬಂದಿರುವ ಮಾಲ್ ಆಫ್ ಅಮೆರಿಕ ಇದೆಯಲ್ಲ, ಅವರು ಆಡುತ್ತಿದ್ದ ಸ್ಟೇಡಿಯಂ ಇದ್ದದ್ದು ಅದೇ ಜಾಗದಲ್ಲಿ.

ಆಡುತ್ತಿರುವಾಗಲೇ ಓದಿ 1978ರಲ್ಲಿ ಕಾನೂನು ಪದವಿ ಪಡೆದರು. ಇಲ್ಲಿ ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ಜನ ಮತ ಹಾಕಿ ಆರಿಸುತ್ತಾರೆ. 1992ರಲ್ಲಿ ಪೇಜ್ ಸ್ಪರ್ಧಿಸಲು ಹೊರಟಾಗ, ಹಾಲಿ ನ್ಯಾಯಮೂರ್ತಿಯ ಅವಧಿಯನ್ನು ರಾಜ್ಯಪಾಲರು ವಿಸ್ತರಿಸಿದ್ದರು, ಚುನಾವಣೆಯೇ ಇಲ್ಲ ಎಂಬಂತಾಗಿತ್ತು. ಪೇಜ್ ಕೋರ್ಟಿಗೆ ಹೋಗಿ ಅದನ್ನೂ ಗೆದ್ದರು, ಚುನಾವಣೆಯನ್ನೂ ಗೆದ್ದರು. ಆ ಪೀಠದಲ್ಲಿ ಕೂತ ಮೊದಲ ಕಪ್ಪು ಜನಾಂಗದವರು ಅವರು. 70 ತುಂಬಿದಾಗ, 2015ರಲ್ಲಿ, ನಿವೃತ್ತರಾದರು.

ನನಗೆ ಅವರ ಮೇಲೆ ಇಷ್ಟೊಂದು ಗೌರವ ಇರುವುದು ಮಾತ್ರ ಶಾಲೆಯ ವಿಷಯದಿಂದ. ಅವರ ಹುಟ್ಟೂರು ಓಹಾಯೋದ ಕ್ಯಾಂಟನ್. ಅಲ್ಲಿ ಶ್ರೇಷ್ಠ ಆಟಗಾರರನ್ನು ಗೌರವಿಸುವ ಫುಟ್‌ಬಾಲ್ ಹಾಲ್ ಆಫ್ ಫೇಮ್ ಕಟ್ಟುವಾಗ ಹುಡುಗನಾಗಿದ್ದ ಅವರು ಕಟ್ಟಡದ ಕೆಲಸಕ್ಕೆ ಹೋಗಿದ್ದರು. 1988ರಲ್ಲಿ ಅದೇ ಹಾಲ್‌ಗೆ ಅವರನ್ನು ಸೇರಿಸಿದಾಗ, ಪರಿಚಯಿಸಲು ಕೋಚ್ ಬದಲು ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರನ್ನು ಕರೆದುಕೊಂಡು ಹೋದರು, ಭಾಷಣವನ್ನು ಶಿಕ್ಷಣದ ಬಗ್ಗೆಯೇ ಮಾಡಿದರು. ಅದೇ ವರ್ಷ ಪೇಜ್ ಎಜುಕೇಶನ್ ಫೌಂಡೇಶನ್ ಶುರುವಾಯಿತು. ಅಲ್ಲಿ ವಿದ್ಯಾರ್ಥಿವೇತನ ಪಡೆದ ಕಾಲೇಜು ಮಕ್ಕಳು ಚಿಕ್ಕ ಮಕ್ಕಳಿಗೆ ಓದಿನಲ್ಲಿ ಜೊತೆಯಾಗಬೇಕು. ಹಣ ಕೊಟ್ಟು ಕೈತೊಳೆದುಕೊಳ್ಳದೆ ಈ ಷರತ್ತು ಇಟ್ಟದ್ದೇ ದೊಡ್ಡ ವಿಷಯ ಅಂತ ನಾನು ತಿಳಿದಿದ್ದೇನೆ. ಆಟದಲ್ಲಿ ಪೆಟ್ಟಾಗಿ ಅವರ ಒಂದು ಕಿರುಬೆರಳು ಪಕ್ಕಕ್ಕೆ ಲಂಬವಾಗಿ ತಿರುಗಿಬಿಟ್ಟಿದೆ. ಮಕ್ಕಳಿಗೆ ಅದೇ ಕುತೂಹಲ, ಅಲ್ಲಿಂದಲೇ ಮಾತು ಶುರು.

2020ರಲ್ಲಿ ಅವರು ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ ನೀಲ್ ಕಾಶ್ಕರಿ ಜೊತೆ ಸೇರಿ, ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಮಕ್ಕಳ ಮೂಲಭೂತ ಹಕ್ಕು ಎಂದು ರಾಜ್ಯದ ಸಂವಿಧಾನದಲ್ಲಿ ಬರೆಯಿಸಲು ಹೊರಟರು. ಶಿಕ್ಷಕರ ಸಂಘವೇ ವಿರೋಧಿಸಿತು. ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ ಭಾರತದ ಸಂವಿಧಾನದ 21ಎ ವಿಧಿ ಗೊತ್ತಿರುವ ನಮಗೆ ಅವರ ಬೇಡಿಕೆ ಬೇಗ ಅರ್ಥವಾಗುತ್ತದೆ.

ಇನ್ನು ಶಾಲೆಯ ಹೆಸರು. ಮೊದಲು ಅದು ಅಲೆಕ್ಸಾಂಡರ್ ರಾಮ್ಸಿ ಹೆಸರಿನಲ್ಲಿತ್ತು. ಡಕೋಟಾ ಮೂಲನಿವಾಸಿಗಳನ್ನು ನಿರ್ನಾಮ ಮಾಡಬೇಕು, ಇಲ್ಲವೇ ರಾಜ್ಯದಿಂದಾಚೆ ಅಟ್ಟಬೇಕು ಅಂದ ರಾಜ್ಯಪಾಲ ಆತ. ಹೆಸರು ಬದಲಿಸಿ ಅಂತ ಪಟ್ಟುಹಿಡಿದವರು ಅಲ್ಲಿನ ವಿದ್ಯಾರ್ಥಿಗಳೇ, 2017ರಲ್ಲಿ ಬದಲಾಯಿತು.

ಮಗಳನ್ನು ಸೇರಿಸಲು ಹೋದಾಗ ಸ್ವಯಂಸೇವಕರಾಗಿ ಬರಬಹುದೇ ಅಂತ ಕಚೇರಿಯಲ್ಲಿ ವಿಚಾರಿಸಿ. ಒಂದು ಅರ್ಜಿ ತುಂಬಿಸಿಕೊಂಡು ಹಿನ್ನೆಲೆ ಪರಿಶೀಲಿಸುತ್ತಾರೆ, ಅದಕ್ಕೆ ಹೆದರಬೇಡಿ, ಎಲ್ಲರಿಗೂ ಅದೇ ಕ್ರಮ. ನಿಮ್ಮ ಬೀದಿಯವರ ಪರಿಚಯ ಆಫೀಸಿಗಿಂತ ಅಲ್ಲೇ ಬೇಗ ಆಗುತ್ತದೆ. ಪಂದ್ಯ ನೋಡಬೇಕು ಅನಿಸಿದರೆ ಭಾನುವಾರ ನಮ್ಮನೆಗೆ ಬನ್ನಿ, ನಿಯಮ ನಾನು ಹೇಳಿಕೊಡುತ್ತೇನೆ.