ವೆಬ್‌ವ್ಯೂ ಎತ್ತರ ಸೊನ್ನೆ ಬರುವುದೇಕೆ?

ಪ್ರಶ್ನೆ: ನಮ್ಮ ಸುದ್ದಿ ಆ್ಯಪ್‌ನಲ್ಲಿ ಲೇಖನ ವೆಬ್‌ವ್ಯೂನಲ್ಲಿದೆ (ಆ್ಯಪ್‌ನೊಳಗೆ ವೆಬ್ ಪುಟ ತೋರಿಸುವ ಚೌಕಟ್ಟು), ಅದರ ಕೆಳಗೆ 'ಇನ್ನಷ್ಟು ಓದಿ' ಪಟ್ಟಿ. ಆಂಡ್ರಾಯ್ಡ್‌ನಲ್ಲಿ ಆನ್‌ಪೇಜ್‌ಫಿನಿಶ್ಡ್ ಸೂಚನೆ ಬಂದೊಡನೆ, ಪುಟದ ಎತ್ತರ ಹೇಳುವ ಗೆಟ್‌ಕಂಟೆಂಟ್‌ಹೈಟ್ ಕರೆದರೆ ಒಮ್ಮೆ ಸೊನ್ನೆ ಸಿಗುತ್ತದೆ, ಒಮ್ಮೆ ಕಡಿಮೆ ಎತ್ತರ. ಕೊನೆಯ ಸಾಲುಗಳು ಕತ್ತರಿಸಿಹೋಗುತ್ತವೆ. ಅರ್ಧ ಸೆಕೆಂಡ್ ಬಿಟ್ಟು ಅಳೆದರೂ ಕೆಲವು ಫೋನ್‌ಗಳಲ್ಲಿ ಸರಿಹೋಗುತ್ತಿಲ್ಲ. ಏನು ಮಾಡಬೇಕು ಸರ್?

ಉತ್ತರ: ಮೊದಲು ಆ ಅರ್ಧ ಸೆಕೆಂಡನ್ನು ತೆಗೆದುಹಾಕಿ. ನಿಮ್ಮ ಫೋನಿಗೆ ಸಾಕಾದ ಸಮಯ, ಹಳೆಯ ಫೋನಿನಲ್ಲಿ ನಿಧಾನದ ನೆಟ್‌ವರ್ಕ್‌ನಲ್ಲಿ ಓದುವವರಿಗೆ ಸಾಲದು. ಕಷ್ಟಪಟ್ಟು ಬರೆದ ಲೇಖನದ ಕೊನೆ ಅವರಿಗಷ್ಟೇ ಕಾಣದೆ ಹೋಗುವುದು ಅನ್ಯಾಯ.

ಆನ್‌ಪೇಜ್‌ಫಿನಿಶ್ಡ್ ಹೇಳುವುದು ಪುಟ ಲೋಡ್ ಆಯಿತು ಎಂದಷ್ಟೇ, ಪರದೆಯ ಮೇಲೆ ಮೂಡಿತು ಎಂದಲ್ಲ. ಆಮೇಲೂ ತಡವಾಗಿ ಚಿತ್ರಗಳು ಬರುತ್ತವೆ, ವೆಬ್‌ಫಾಂಟ್ ಬರುತ್ತದೆ. ಕನ್ನಡದಲ್ಲಿ ಈ ಫಾಂಟ್ ತೊಂದರೆ ದೊಡ್ಡದು. ಒತ್ತಕ್ಷರಕ್ಕೆ ಜಾಗ ಬೇಕಾದ್ದರಿಂದ ಒಂದೊಂದು ಫಾಂಟೂ ತನ್ನದೇ ಸಾಲೆತ್ತರ ಇಟ್ಟುಕೊಂಡಿರುತ್ತದೆ. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಲೈನ್‌ಹೈಟ್ ನಿಗದಿ ಮಾಡದಿದ್ದರೆ, ಫಾಂಟ್ ಬದಲಾದಾಗ ಪ್ರತಿ ಸಾಲೂ ಸ್ವಲ್ಪ ಸ್ವಲ್ಪ ಬೆಳೆದು ಲೇಖನವೇ ಉದ್ದವಾಗಬಹುದು.

ಹಾಗಾಗಿ ಆ್ಯಪ್ ಅಳೆಯುವುದು ಬೇಡ, ಎತ್ತರ ಬದಲಾದಾಗಲೆಲ್ಲ ಪುಟವೇ ತಿಳಿಸಲಿ. ಲೇಖನವನ್ನು ಒಂದು ಡಿವ್‌ನೊಳಗೆ (ಪುಟದಲ್ಲಿನ ಪೆಟ್ಟಿಗೆ) ಹಾಕಿ, ಅದರ ಅಳತೆ ಬದಲಾದಾಗ ತಿಳಿಸುವ ರೀಸೈಜ್‌ಅಬ್ಸರ್ವರ್ ಕೂರಿಸಿ, ಆ ಡಿವ್‌ನ ಎತ್ತರವನ್ನು ಪುಟದಿಂದ ಆ್ಯಪ್‌ಗೆ ಮಾತು ಮುಟ್ಟಿಸುವ ಜಾವಾಸ್ಕ್ರಿಪ್ಟ್ ಇಂಟರ್‌ಫೇಸ್ ಮೂಲಕ ಕಳಿಸಿ. ಬಾಡಿ ಮಾರ್ಜಿನ್ (ಪುಟದ ಸುತ್ತಲಿನ ಖಾಲಿ ಅಂಚು) ಸೊನ್ನೆ ಮಾಡಿ. ಡಿವ್‌ನ ಸಿಎಸ್‌ಎಸ್ ಡಿಸ್‌ಪ್ಲೇಗೆ ಫ್ಲೋ-ರೂಟ್ ಕೊಟ್ಟರೆ ಕೊನೆಯ ಪ್ಯಾರಾದ ಮಾರ್ಜಿನ್ ಹೊರಗೆ ಜಾರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಈ ಕರೆ, ಪರದೆಯ ಕೆಲಸ ನಡೆಯುವ ಮೇನ್ ಥ್ರೆಡ್‌ಗೆ ಬರುವುದಿಲ್ಲ. ಅಲ್ಲಿಗೆ ಪೋಸ್ಟ್ ಮಾಡಿಯೇ ವ್ಯೂ ಮುಟ್ಟಿ. ಐಫೋನ್‌ನಲ್ಲಿ ಇದೇ ಕೆಲಸಕ್ಕೆ ಡಬ್ಲ್ಯುಕೆಸ್ಕ್ರಿಪ್ಟ್‌ಮೆಸೇಜ್‌ಹ್ಯಾಂಡ್ಲರ್ ಇದೆ.

ಬರುವ ಸಂಖ್ಯೆ ಸಿಎಸ್‌ಎಸ್ ಪಿಕ್ಸೆಲ್‌ನದು. ಡೆನ್ಸಿಟಿ 3 ಇರುವ (ಒಂದು ಸಿಎಸ್‌ಎಸ್ ಪಿಕ್ಸೆಲ್ ಉದ್ದಕ್ಕೆ ಪರದೆಯ ಮೂರು ಪಿಕ್ಸೆಲ್) ಆಂಡ್ರಾಯ್ಡ್ ಫೋನಿನಲ್ಲಿ 800 ಬಂದರೆ ವ್ಯೂಗೆ 2400 ಕೊಡಬೇಕು. ಐಫೋನ್‌ನಲ್ಲಿ ಗುಣಿಸುವುದು ಬೇಡ, ಆದರೆ ಪುಟದ ಅಗಲ ತಿಳಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಇರಲೇಬೇಕು. ಇಲ್ಲದಿದ್ದರೆ ಪುಟವನ್ನು 980 ಪಿಕ್ಸೆಲ್ ಅಗಲಕ್ಕೆ ಹರಡಿ ಲೆಕ್ಕ ಹಾಕುತ್ತದೆ.

ಇಡೀ ಪುಟದ ಎತ್ತರ ಹೇಳುವ ಡಾಕ್ಯುಮೆಂಟ್‌ಎಲಿಮೆಂಟ್‌ನ ಸ್ಕ್ರಾಲ್‌ಹೈಟ್ ನಂಬಬೇಡಿ. ಅದು ವ್ಯೂನ ಈಗಿನ ಎತ್ತರಕ್ಕಿಂತ ಕೆಳಗಿಳಿಯುವುದಿಲ್ಲ. ಉದ್ದದ ಲೇಖನದ ಬಳಿಕ ಅದೇ ವ್ಯೂನಲ್ಲಿ ಚಿಕ್ಕದನ್ನು ತೆರೆದರೆ ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಲೇಖನದೊಳಗೆ 100ವಿಎಚ್ (ಅಂದರೆ ವ್ಯೂನಷ್ಟೇ) ಎತ್ತರದ ಪೆಟ್ಟಿಗೆಯಿದ್ದರೆ ಇನ್ನೂ ಕಷ್ಟ: ವ್ಯೂ ಬೆಳೆದಂತೆ ಪೆಟ್ಟಿಗೆಯೂ ಬೆಳೆದು, ಮತ್ತೆ ವ್ಯೂ ಬೆಳೆಯುತ್ತದೆ. ಅಲ್ಲಿ ವಿಎಚ್ ತೆಗೆದು ನಿಗದಿತ ಎತ್ತರ ಕೊಡಿ.