ಕಮಿಟಿಯಲ್ಲಿ ಹನ್ನೊಂದು ಹೆಸರು, ಸಭೆಗೆ ಬರುವವರು ಮೂವರು: ಏನು ಮಾಡೋದು?

ನಮಸ್ಕಾರ. ಸಾಗರದ ಹತ್ತಿರ ಮಕ್ಕಳಿಗೆ ಸಂಜೆ ಪಾಠ ನಡೆಸುವ ಸಂಘ ನಿಮ್ಮದು. ಕಾರ್ಯಕಾರಿ ಮಂಡಳಿಯಲ್ಲಿ 11 ಜನ ಇದ್ದಾರೆ, ಬರುವವರು ಮೂವರೇ, ಉಳಿದವರಿಗೆ ಆಸಕ್ತಿ ಬರಿಸೋದು ಹೇಗೆ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು. ಹಾಸಿಗೆ ಹಿಡಿದ ಹಿರಿಯರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಸಣ್ಣ ಸಂಸ್ಥೆಯೊಂದಕ್ಕೆ ಒಂಬತ್ತು ವರ್ಷದಿಂದ ಕಾರ್ಯದರ್ಶಿ. ನಮ್ಮಲ್ಲೂ ಹೀಗೇ ಆಗಿತ್ತು.

ಆ ಎಂಟು ಜನರನ್ನು ಸೇರಿಸಿಕೊಳ್ಳುವಾಗ ಏನು ಹೇಳಿದ್ದಿರಿ, ನೆನಪು ಮಾಡಿಕೊಳ್ಳಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಂಘ ಕಟ್ಟಲು ಕನಿಷ್ಠ 7 ಜನ ಬೇಕು. ಆ ಅವಸರಕ್ಕೆ ನಾವು ಪರಿಚಯದವರ ಹತ್ತಿರ ಹೋಗಿ "ಸುಮ್ನೆ ಹೆಸರಿಗೆ ಇರಿ, ನಿಮಗೇನೂ ಕೆಲಸ ಇರಲ್ಲ" ಅಂದಿದ್ದೆವು. ಅವರು ನಾವು ಹೇಳಿದ ಹಾಗೇ ಇದ್ದರು. ತಪ್ಪು ನಮ್ಮದು. ನಾನೇ ನಡಾವಳಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದಿದ್ದೇನೆ. ಯಾರೂ ಓದಿ ಸಹಿ ಮಾಡುತ್ತಿರಲಿಲ್ಲ.

ಬದಲಾವಣೆ ಶುರುವಾಗಿದ್ದು ಒಂದು ಮಳೆಗಾಲದ ದಿನ. ಬ್ಯಾಂಕಿನಿಂದ ನಿವೃತ್ತರಾದ ಸದಸ್ಯರೊಬ್ಬರಿದ್ದರು, ಸಭೆಯಲ್ಲಿ ಮಾತೇ ಆಡುತ್ತಿರಲಿಲ್ಲ. ಅವತ್ತು ನಮ್ಮ ನರ್ಸ್ ಜೊತೆ ಜೀಪಿನಲ್ಲಿ ಕಳಿಸಿದೆವು. ರಸ್ತೆ ಮುಗಿದ ಮೇಲೆ ಕೆಸರಲ್ಲಿ ಅರ್ಧ ಗಂಟೆ ನಡಿಗೆ. ಅಲ್ಲೊಬ್ಬ ಅಜ್ಜನಿಗೆ ಮಲಗಿ ಮಲಗಿ ಬೆನ್ನೆಲ್ಲ ಹುಣ್ಣು. ನರ್ಸ್ ಗಾಯ ತೊಳೆದು ಬಟ್ಟೆ ಕಟ್ಟುವ ತನಕ ಇವರು ಅಜ್ಜನನ್ನು ಮಗ್ಗುಲಾಗಿಸಿ ಹಿಡಿದುಕೊಂಡಿದ್ದರಂತೆ. ಮುಂದಿನ ಸಭೆಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ: "ಈ ಅಜ್ಜನ ಮನೆಗೆ ವಾರಕ್ಕೊಂದೇ ಸಲ ಯಾಕೆ ಹೋಗ್ತೀರಿ? ಡೀಸೆಲ್‌ಗೆ ದುಡ್ಡಿಲ್ವಾ, ಜನ ಇಲ್ವಾ?" ನಮ್ಮ ಲೆಕ್ಕದ ಹಾಳೆಯನ್ನು ಒಬ್ಬ ಸದಸ್ಯ ಸಾಲು ಸಾಲಾಗಿ ಓದಿದ್ದು ಅವತ್ತೇ ಮೊದಲು. ಈಗ ಅವರೇ ಖಜಾಂಚಿ.

ಹಾಗಾಗಿ ನಿಮ್ಮವರಿಗೂ ಮೊದಲು ಕೆಲಸ ತೋರಿಸಿ. ಒಂದು ಸಂಜೆ ಪಾಠದ ಕೋಣೆಯಲ್ಲಿ ಮಕ್ಕಳ ಪಕ್ಕ ಕೂರಿಸಿ. ಯಾವ ಮಗು ಓದಲು ತಡವರಿಸುತ್ತದೆ, ಯಾವುದು ಹಸಿದು ಬಂದಿದೆ ಅಂತ ಅವರೇ ನೋಡಲಿ. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಜವಾಬ್ದಾರಿ ಕೊಡಿ: ಲೆಕ್ಕ ಒಬ್ಬರಿಗೆ, ದಾನಿಗಳನ್ನು ಕಾಣುವುದು ಇನ್ನೊಬ್ಬರಿಗೆ, ಮೇಷ್ಟ್ರುಗಳ ಕಷ್ಟ ಕೇಳುವುದು ಮತ್ತೊಬ್ಬರಿಗೆ. ದಿನದ ಕೆಲಸದಲ್ಲಿ ಕೈ ಹಾಕುವುದು ಬೇಡ, ಅದು ಸಿಬ್ಬಂದಿಯದ್ದು. ಈ ಗೆರೆ ಅಳಿಸಿದರೆ ಜಗಳ ಗ್ಯಾರಂಟಿ.

ಸಭೆಯ ದಿನ ನಮ್ಮೂರುಗಳಲ್ಲಿ ದೊಡ್ಡ ವಿಷಯ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ, ಕೊನೆಕೊಯ್ಲು ನಡೆಯುವಾಗ ಕರೆದರೆ ಅಡಿಕೆ ಬೆಳೆಗಾರರು ಯಾರು ಬರುತ್ತಾರೆ ಹೇಳಿ? ನಾವು ವರ್ಷದ ಸಭೆಗಳ ದಿನವನ್ನು ಯುಗಾದಿ ಹೊತ್ತಿಗೇ ಗೊತ್ತು ಮಾಡುತ್ತೇವೆ. ಲೆಕ್ಕ, ಅಜೆಂಡಾ ಒಂದು ವಾರ ಮುಂಚೆ ವಾಟ್ಸಾಪಿಗೆ ಹೋಗುತ್ತದೆ. ಓದಿ ಹೇಳುವುದಕ್ಕೆ ಸಭೆಯ ಹೊತ್ತು ಕಳೆಯುವುದಿಲ್ಲ, ತೀರ್ಮಾನಕ್ಕೆ ಮಾತ್ರ.

ಬೈಲಾದಲ್ಲಿ, ಅಂದ್ರೆ ಸಂಘದ ನಿಯಮಾವಳಿಯಲ್ಲಿ, ಮಂಡಳಿ ಸದಸ್ಯರ ಅವಧಿ ಬರೆಸಿ. ನಮ್ಮಲ್ಲಿ ಮೂರು ವರ್ಷ, ಜಾಸ್ತಿ ಅಂದ್ರೆ ಎರಡು ಸಲ. ಸದಸ್ಯರ ನೆಂಟರ ಅಂಗಡಿಯಿಂದ ಏನಾದರೂ ಕೊಳ್ಳುವ ವಿಷಯ ಬಂದರೆ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು, ಅದನ್ನು ನಡಾವಳಿಯಲ್ಲಿ ಬರೆಯಬೇಕು.

ಒಳ್ಳೆ ಜನ ಸಿಗಲ್ಲ ಅನ್ನಬೇಡಿ. 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ಇರುವುದು ನಿಮ್ಮದೇ ತಾಲೂಕಿನ ಹೆಗ್ಗೋಡಿನಲ್ಲಿ, ಹಳ್ಳಿಯಲ್ಲೇ. ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ಸ್ವಸಹಾಯ ಸಂಘ ನಡೆಸಿದ ಹೆಣ್ಣುಮಕ್ಕಳು ನಿಮ್ಮೂರಲ್ಲೂ ಇರುತ್ತಾರೆ. ಪಾಠಕ್ಕೆ ಬರುವ ಮಕ್ಕಳ ಒಬ್ಬ ತಾಯಿಯನ್ನಂತೂ ತಪ್ಪದೆ ಸೇರಿಸಿಕೊಳ್ಳಿ.

ಈಗಿರುವ ಎಂಟು ಜನರ ಮನೆಗೆ ಒಬ್ಬೊಬ್ಬರಾಗಿ ಹೋಗಿ. ಫೋನು ಬೇಡ. "ಇಂಥ ಕೆಲಸ ಇದೆ, ವರ್ಷಕ್ಕೆ ಇಷ್ಟು ಸಭೆ, ಆಗುತ್ತಾ?" ಅಂತ ನೇರವಾಗಿ ಕೇಳಿ. ಆಗಲ್ಲ ಅಂದವರ ರಾಜೀನಾಮೆ ಪಡೆದು, ಸಭೆಯಲ್ಲಿ ಠರಾವು ಮಾಡಿ, ನೋಂದಣಾಧಿಕಾರಿಗೆ ಪ್ರತಿ ವರ್ಷ ಕೊಡುವ ಪಟ್ಟಿಯಲ್ಲಿ ಹೊಸ ಹೆಸರು ಹಾಕಿ. ಬಿಟ್ಟವರನ್ನು ದೂರ ಮಾಡಬೇಡಿ. ನಮ್ಮಲ್ಲಿ ಹಾಗೆ ಬಿಟ್ಟ ಇಬ್ಬರು ಈಗಲೂ ಪ್ರತಿ ವರ್ಷ ಅಡಿಕೆ ಮಾರಿದ ಮೇಲೆ ತಾವಾಗೇ ಬಂದು ದುಡ್ಡು ಕೊಟ್ಟು ಹೋಗುತ್ತಾರೆ.